ನಿಂತಲ್ಲೇ ಬ್ಯಾಟರಿ ಇಳಿಯುವ ಕಾರು: ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹಿಡಿಯುವುದು ಹೇಗೆ?

ಶನಿವಾರ ಸಂಜೆ ಚೆನ್ನಾಗಿಯೇ ಓಡಿದ ಕಾರು ಮಂಗಳವಾರ ಬೆಳಗ್ಗೆ ಕೀ ತಿರುಗಿಸಿದರೆ ‘ಟಕ್ ಟಕ್’ ಅನ್ನುತ್ತದೆ. ಮೀಟರಿನ ದೀಪಗಳು ಮಂಕಾಗುತ್ತವೆ, ಸೆಲ್ಫ್ ತಿರುಗುವುದಿಲ್ಲ. ಬಾಗಲಕೋಟೆಯಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ ಬಹುತೇಕ ಒಂದೇ: ‘ಬ್ಯಾಟರಿ ಕುಂತೈತ್ರೀ, ಹೊಸಾದು ಹಾಕ್ಸಿಬಿಡ್ರಿ.’ ಹಾಕಿಸುತ್ತೀರಿ. ಕೆಲವು ದಿನ ಎಲ್ಲ ಸರಿ. ಆಮೇಲೆ ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಹೊಸ ಬ್ಯಾಟರಿಯೂ ಕುಂತಿರುತ್ತದೆ.

ಬ್ಯಾಟರಿಯೇ ಹೋಗಿರಬಹುದು, ಇಲ್ಲವೆನ್ನುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತದೆ. ಆದರೆ ಕಾರು ಆಫ್ ಆಗಿದ್ದಾಗಲೂ ಯಾವುದೋ ಒಂದು ವೈರು ಸದ್ದಿಲ್ಲದೆ ಕರೆಂಟು ಎಳೆಯುತ್ತಿದ್ದರೆ ಎಷ್ಟು ಬ್ಯಾಟರಿ ಬದಲಿಸಿದರೂ ಅಷ್ಟೇ. ಅದನ್ನು ಹಿಡಿಯಲು ವೋಲ್ಟು, ಕರೆಂಟು ಅಳೆಯುವ ಒಂದು ಮಲ್ಟಿಮೀಟರ್, ಒಂದು 10 ನಂಬರ್ ಪಾನಾ, ಒಂದು ಭಾನುವಾರ ಸಾಕು. ಜಾಣತನಕ್ಕಿಂತ ತಾಳ್ಮೆ ಜಾಸ್ತಿ ಬೇಕಾಗುವ ಕೆಲಸ ಇದು.

ಎಷ್ಟು ಸೋರಿದರೆ ತಪ್ಪು?

ಪೂರ್ತಿ ಆಫ್ ಆದ ಕಾರು ಕೂಡ ಸ್ವಲ್ಪ ಕರೆಂಟು ತಿನ್ನುತ್ತದೆ. ಗಡಿಯಾರ, ರಿಮೋಟಿನ ಸಿಗ್ನಲ್‌ಗೆ ಕಾಯುವ ಲಾಕ್ ಮಾಡ್ಯೂಲ್ (ಪುಟ್ಟ ಕಂಪ್ಯೂಟರ್), ಇಂಜಿನ್ ಕಂಪ್ಯೂಟರಿನ ನೆನಪು, ಇವೆಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪ್. ಇದಕ್ಕೆ ಹೆದರಬೇಕಿಲ್ಲ. ಚಿಕ್ಕ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಇರುವುದು ಸುಮಾರು 35 ಆಂಪ್-ಅವರ್ ಬ್ಯಾಟರಿ. ಅದು ಅರ್ಧಕ್ಕೆ ಇಳಿದರೆ ಸೆಲ್ಫ್ ಹೊಡೆಯುವುದೇ ಅನುಮಾನ. 30 ಮಿಲಿ ಆಂಪ್ ಲೆಕ್ಕದಲ್ಲಿ ಅರ್ಧಕ್ಕಿಳಿಯಲು ಮೂರು ವಾರ ದಾಟುತ್ತದೆ, 50 ಆದರೆ ಎರಡು ವಾರ. ಅದೇ ಡಿಕ್ಕಿಯಲ್ಲಿ 5 ವ್ಯಾಟಿನ ಒಂದು ಪುಟ್ಟ ಬಲ್ಬು ಉರಿಯುತ್ತಲೇ ಇದ್ದರೆ ಸುಮಾರು 400 ಮಿಲಿ ಆಂಪ್. ಎರಡು ದಿನ ತುಂಬುವುದರೊಳಗೆ ಬ್ಯಾಟರಿ ಅರ್ಧವಾಗಿರುತ್ತದೆ.

ಹಾಗಾಗಿ ಮೊದಲು ನಿಮ್ಮ ಕಾರು ಎಷ್ಟು ದಿನಕ್ಕೆ ಕೂರುತ್ತದೆ ಎಂದು ನೆನಪಿಸಿಕೊಳ್ಳಿ. ತಿಂಗಳುಗಟ್ಟಲೆ ಪೋರ್ಚಿನಲ್ಲಿ ನಿಂತು ಕೂತರೆ ಅದು ರೋಗವೇ ಅಲ್ಲ. ರಾತ್ರಿ ಬೆಳಗಾಗುವಷ್ಟರಲ್ಲಿ ಕೂತರೆ ಒಂದೋ ದೊಡ್ಡ ಸೋರಿಕೆ, ಇಲ್ಲವೇ ಬ್ಯಾಟರಿಯೇ ಸತ್ತಿದೆ. ಎರಡರಿಂದ ಆರೇಳು ದಿನ ಹಿಡಿಯುತ್ತದೆ ಅನ್ನುವವರಿಗೆ ಮುಂದಿನದೆಲ್ಲ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಜಾತಿಯೂ ಇದೆ: ಊರೊಳಗೇ ವಿದ್ಯಾಗಿರಿಯಿಂದ ನವನಗರಕ್ಕೆ ಹೋಗಿ ಬರುವಷ್ಟೇ ಓಡಿಸುವವರು. ಒಮ್ಮೆ ಸೆಲ್ಫ್ ಹೊಡೆದಾಗ ಹೋದ ಚಾರ್ಜು, ಎಸಿ ಹಾಕಿಕೊಂಡು ಹತ್ತು ನಿಮಿಷ ಓಡಿಸಿದರೆ ವಾಪಸ್ ಬರುವ ಖಾತ್ರಿ ಇಲ್ಲ. ಅಂಥವರು ಮೀಟರ್ ಹಿಡಿಯುವ ಮುಂಚೆ ವಾರಕ್ಕೊಮ್ಮೆ ಬಾದಾಮಿಗೆ ಹೋಗಿ ಬರುವಷ್ಟು ಓಡಿಸಿ ನೋಡಲಿ.

ಮೊದಲು ಬ್ಯಾಟರಿ, ಆಮೇಲೆ ವೈರಿಂಗ್

ಈ ಸರದಿ ತಪ್ಪಿಸಬೇಡಿ. ಸತ್ತ ಬ್ಯಾಟರಿ ಇಟ್ಟುಕೊಂಡು ಸೋರಿಕೆ ಹುಡುಕಲು ಹೊರಟರೆ ದಿನವೆಲ್ಲ ವ್ಯರ್ಥ.

ಬ್ಯಾಟರಿಯನ್ನು ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿ. ಗಾಳಿಯಾಡುವ ಜಾಗದಲ್ಲಿರಲಿ, ಚಾರ್ಜ್ ಆಗುವಾಗ ಅದರಿಂದ ಜಲಜನಕ ಬರುತ್ತದೆ. ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ. ತುಂಬಿದ ಮೇಲೆ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೀಟರಿನಲ್ಲಿ 12.6 ವೋಲ್ಟ್ ಆಸುಪಾಸು ಬಂದರೆ ಬ್ಯಾಟರಿ ಚಾರ್ಜು ಹಿಡಿದಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ. ಯಾವ ವೈರೂ ತಾಗದೆ ಕೂತಿದ್ದ ಬ್ಯಾಟರಿ ಒಂದೇ ರಾತ್ರಿಯಲ್ಲಿ 12.2ಕ್ಕೆ ಇಳಿದಿದ್ದರೆ ತಪ್ಪು ಅದರದ್ದೇ. ವೋಲ್ಟೇಜ್ ಸರಿಯಿದ್ದೂ ಒಳಗೆ ದಮ್ಮಿಲ್ಲದ ಬ್ಯಾಟರಿಗಳಿರುತ್ತವೆ. ಅದಕ್ಕೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ಐದು ನಿಮಿಷದ ಕೆಲಸ.

ಬಿಸಿಲಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಬ್ಯಾಟರಿ ತಾನಾಗಿ ಇಳಿಯುವ ವೇಗ ಸರಿಸುಮಾರು ದುಪ್ಪಟ್ಟಾಗುತ್ತದೆ. ಏಪ್ರಿಲ್-ಮೇ ತಿಂಗಳ 40 ಡಿಗ್ರಿಯಲ್ಲಿ ಬಯಲಲ್ಲಿ ನಿಂತ ಕಾರಿನ ಬಾನೆಟ್ ಕೆಳಗೆ ಅದು ಇನ್ನೂ ಬಿಸಿ. ಮೂರು-ನಾಲ್ಕು ವರ್ಷ ದಾಟಿದ ಬ್ಯಾಟರಿ ಇಲ್ಲಿ ಬೇಸಿಗೆಯಲ್ಲಿ ಕೈಕೊಟ್ಟರೆ ಆಶ್ಚರ್ಯಪಡಬೇಡಿ.

ಅದರ ತಲೆಯನ್ನೂ ನೋಡಿ. ನಮ್ಮ ಧೂಳಿಗೆ ಆಸಿಡ್ಡಿನ ಪಸೆ ಸೇರಿದರೆ ಪ್ಲಸ್‌ನಿಂದ ಮೈನಸ್‌ವರೆಗೆ ಅಲ್ಲೇ ಒಂದು ದಾರಿಯಾಗುತ್ತದೆ. ಮೀಟರನ್ನು ಡಿಸಿ (ಬ್ಯಾಟರಿ ಕೊಡುವ ಏಕಮುಖ ಕರೆಂಟು) ವೋಲ್ಟಿಗೆ ಇಟ್ಟು, ಕಪ್ಪು ಪಿನ್ನು ಮೈನಸ್ ಟರ್ಮಿನಲ್‌ಗೆ ಒತ್ತಿ, ಕೆಂಪು ಪಿನ್ನನ್ನು ಪ್ಲಾಸ್ಟಿಕ್ಕಿನ ಮೇಲೆ ಸುಮ್ಮನೆ ಎಳೆಯಿರಿ. ಪ್ಲಾಸ್ಟಿಕ್ಕಿನ ಮೇಲೂ ವೋಲ್ಟ್ ತೋರಿಸಿದರೆ ತಲೆ ಹೊಲಸಾಗಿದೆ ಅಂತ ಅರ್ಥ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಮುಚ್ಚಳದ ತೂತಿನೊಳಗೆ ಆ ನೀರು ಇಳಿಯದಂತೆ ನೋಡಿಕೊಳ್ಳಿ.

ಕೊನೆಗೆ ಇಂಜಿನ್ ಚಾಲೂ ಮಾಡಿ ಬ್ಯಾಟರಿ ಮೇಲೆ ವೋಲ್ಟ್ ಅಳೆಯಿರಿ. 13.8ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟು ತಯಾರಿಸುವ ಯಂತ್ರ) ಚಾರ್ಜ್ ಮಾಡುತ್ತಿದೆ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ತಾನೇ ಚಾರ್ಜು ಕಡಿಮೆ ಮಾಡುವುದರಿಂದ ಇದಕ್ಕಿಂತ ತುಸು ಕೆಳಗೂ ಕಾಣಬಹುದು.

ಆಲ್ಟರ್ನೇಟರ್ ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ‘ಬಂದ್ ಆಗ್ತದೇನ್ ನೋಡೂಣು’ ಅನ್ನುವ ಹಳೇ ಮೇಸ್ತ್ರಿಗಳು ಇನ್ನೂ ಇದ್ದಾರೆ. ಡೈನಮೋ ಕಾಲದ ಜೀಪಿಗೆ ಅದು ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಆ ಕ್ಷಣ ಏಳುವ ವೋಲ್ಟೇಜಿಗೆ ಇಂಜಿನ್ ಕಂಪ್ಯೂಟರೇ ಸುಟ್ಟುಹೋಗಬಹುದು. ಯಾರೇ ಆಗಲಿ, ಕೈ ಹಿಡಿದು ನಿಲ್ಲಿಸಿ.

ಮೀಟರ್ ಜೋಡಿಸುವ ಮುನ್ನ

ಕರೆಂಟು ಅಳೆಯುವುದು ವೋಲ್ಟ್ ಅಳೆದಂತಲ್ಲ. ಮೀಟರು ವೈರಿನ ನಡುವೆ ಕೂರಬೇಕು, ಕಾರಿನ ಕರೆಂಟೆಲ್ಲ ಅದರೊಳಗಿಂದಲೇ ಹರಿಯಬೇಕು. ಕೆಂಪು ವೈರನ್ನು 10 ಆಂಪ್ ಎಂದು ಬರೆದ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ ಆಂಪ್‌ಗೆ ತಿರುಗಿಸಿ. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಒಳಗೆ ಫ್ಯೂಸೇ ಇರುವುದಿಲ್ಲ. ಅದನ್ನು ಅಲ್ಲೇ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಓದಿಕೊಳ್ಳಿ. ಮೀಟರ್ ನಡುವೆ ಇರುವಾಗ ಕೀ ಆನ್ ಮಾಡಬಾರದು, ಸೆಲ್ಫ್ ಅಂತೂ ಕನಸಿನಲ್ಲೂ ಹೊಡೆಯಬಾರದು. ಸೆಲ್ಫ್ ಮೋಟಾರು ನೂರಾರು ಆಂಪ್ ಎಳೆಯುತ್ತದೆ.

ವೈರಿನ ಸುತ್ತ ಕಚ್ಚಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದವರಿಗೆ ಯಾವ ವೈರೂ ಬಿಚ್ಚುವ ಗೋಜಿಲ್ಲ. ಆದರೆ ಮನೆಯ ವೈರಿಂಗಿಗೆ ಬರುವ ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕ್ಲ್ಯಾಂಪ್ ಹೆಚ್ಚಾಗಿ ಎಸಿ (ಮನೆಗೆ ಬರುವ ಬಗೆಯ ಕರೆಂಟು) ಮಾತ್ರ ಅಳೆಯುತ್ತದೆ, ಕಾರಿಗೆ ಡಿಸಿ ಅಳೆಯುವುದೇ ಬೇಕು.

ಉಂಗುರ, ಕೈಗಡಿಯಾರ ತೆಗೆದಿಡಿ. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕೇಸರಿ ಬಣ್ಣದ ದಪ್ಪ ಕೇಬಲ್ಲುಗಳ ತಂಟೆಗೆ ಹೋಗಬೇಡಿ, ಅದು ಬೇರೆಯೇ ಲೋಕ.

ಕಾರನ್ನು ಮಲಗಿಸುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಕಾರು ಆಫ್ ಮಾಡಿ, ಬಾಗಿಲು ಹಾಕಿ, ಮೀಟರ್ ಇಟ್ಟ ತಕ್ಷಣ ಎರಡು-ಮೂರು ಆಂಪ್ ಕಾಣುತ್ತದೆ. ‘ಸಿಕ್ಕಿತು ಕಳ್ಳ’ ಎಂದು ವೈರು ಕೀಳಲು ಶುರು ಮಾಡುತ್ತಾರೆ. ಅದು ಕಳ್ಳನಲ್ಲ, ಇನ್ನೂ ಎಚ್ಚರವಿರುವ ಮಾಡ್ಯೂಲುಗಳು. ಈಗಿನ ಕಾರುಗಳು ಲಾಕ್ ಆದ ಮೇಲೂ 20ರಿಂದ 40 ನಿಮಿಷ, ಕೆಲವು ಒಂದು ಗಂಟೆಯವರೆಗೂ, ಹಂತ ಹಂತವಾಗಿ ನಿದ್ದೆಗೆ ಜಾರುತ್ತವೆ. ಒಂದು ಬಾಗಿಲು ತೆರೆದರೆ ಸಾಕು, ಎಲ್ಲವೂ ಎದ್ದು ಕೂರುತ್ತವೆ, ಮತ್ತೆ ಮೊದಲಿನಿಂದ ಕಾಯಬೇಕು.

ಅದಕ್ಕೆ ತಯಾರಿ ಹೀಗೆ. ಕಿಟಕಿಗಳನ್ನು ಕೆಳಗಿಳಿಸಿ. ಬಾನೆಟ್ ತೆರೆಯಿರಿ, ಅದಕ್ಕೆ ಸೆನ್ಸರ್ ಇದ್ದರೆ ಬಾನೆಟ್ಟಿನ ಕೊಂಡಿಯನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ. ಫ್ಯೂಸ್ ಡಬ್ಬಿ ಇರುವ ಕಡೆಯ ಬಾಗಿಲನ್ನು ತೆರೆದಿಟ್ಟು, ಬಾಗಿಲಿನ ಅಂಚಿನಲ್ಲಿರುವ ಲಾಚನ್ನೂ ಹಾಗೆಯೇ ಒತ್ತಿ ಎರಡು ಸಲ ಕಟಕ್ ಅನ್ನಿಸಿ. ಬಾಗಿಲು ಬಾಯಿ ತೆರೆದೇ ಇದ್ದರೂ ಕಾರು ಅದನ್ನು ಮುಚ್ಚಿದೆ ಎಂದೇ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಲಾಚು ಬಿಡಿಸಲು ಮರೆತು ಬಾಗಿಲು ಬಡಿದರೆ ಲಾಚೇ ಮುರಿಯುತ್ತದೆ, ನೆನಪಿರಲಿ. ನಿಮ್ಮ ಕಾರಿನಲ್ಲಿ ಲಾಚಿಗೆ ಬದಲು ಚೌಕಟ್ಟಿನಲ್ಲಿ ರಬ್ಬರ್ ಗುಂಡಿಯ ಸ್ವಿಚ್ ಇದ್ದರೆ ಅದನ್ನು ಒತ್ತಿ ಟೇಪು ಸುತ್ತಿದರಾಯಿತು.

ರಿಮೋಟಿನಿಂದ ಲಾಕ್ ಮಾಡಿ ಕೀಯನ್ನು ಮನೆಯೊಳಗೆ ದೂರ ಇಟ್ಟು ಬನ್ನಿ. ಬಟನ್ ಸ್ಟಾರ್ಟ್ ಕಾರುಗಳಲ್ಲಿ ಕೀ ಹತ್ತಿರವಿದ್ದಷ್ಟು ಹೊತ್ತು ಕಾರು ಅದರೊಡನೆ ಮಾತಾಡುತ್ತಲೇ ಇರಬಹುದು. ಪೋರ್ಚಿಗೆ ಅಂಟಿದ ಗೋಡೆಯ ಮೊಳೆಗೇ ಕೀ ನೇತುಹಾಕುವ ಮನೆಗಳಲ್ಲಿ ಕೆಲವೊಮ್ಮೆ ರೋಗವೂ ಅದೇ, ಮದ್ದೂ ಅದೇ: ಮೊಳೆ ಬದಲಿಸುವುದು.

ಈಗ ಮೀಟರ್ ಜೋಡಣೆ. ಪಿನ್ನುಗಳ ಬದಲು ಮೊಸಳೆ ಕ್ಲಿಪ್ ಇರಲಿ. ಮೈನಸ್ ಟರ್ಮಿನಲ್ ಇನ್ನೂ ಜೋಡಿಸಿರುವಾಗಲೇ ಒಂದು ಕ್ಲಿಪ್ಪನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಕೇಬಲ್ಲಿನ ಲೋಹದ ಹಿಡಿಕೆಗೆ ಕಚ್ಚಿಸಿ. ಆಮೇಲೆ ನಟ್ಟು ಸಡಿಲಿಸಿ, ಎರಡೂ ಕ್ಲಿಪ್ಪು ಬಿಡದಂತೆ ಹಿಡಿಕೆಯನ್ನು ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆತ್ತಿ. ಕರೆಂಟು ಕ್ಷಣಕ್ಕೂ ಕಡಿಯದೆ ಮೀಟರಿನ ದಾರಿ ಹಿಡಿಯುತ್ತದೆ, ಮಾಡ್ಯೂಲುಗಳಿಗೆ ಎಚ್ಚರವಾಗುವುದಿಲ್ಲ. ಎತ್ತಿದ ಹಿಡಿಕೆಗೆ ಒಣ ಬಟ್ಟೆ ಸುತ್ತಿಡಿ. ಇದನ್ನು ಮಾಡದೆ ಟರ್ಮಿನಲ್ ಕಿತ್ತು ಮತ್ತೆ ಮೀಟರ್ ಇಟ್ಟರೆ ಕೆಲವು ಕಾರುಗಳಲ್ಲಿ ಸೋರಿಕೆಯೇ ಮಾಯವಾಗುತ್ತದೆ. ಅಂಟಿಕೊಂಡಿದ್ದ ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಆ ಅರೆಕ್ಷಣದಲ್ಲಿ ಬಿಟ್ಟುಕೊಂಡಿರುತ್ತದೆ, ನೀವು ‘ಏನೂ ಇಲ್ಲ’ ಎಂದು ಎದ್ದು ಹೋಗುತ್ತೀರಿ.

ಟರ್ಮಿನಲ್ ತಾಗಿಸಿ ಕಿಡಿ ನೋಡುವ ವಿದ್ಯೆಯೂ ಇದೆ. ಕಿಡಿ ಬಂದರೆ ಸೋರಿಕೆ ಇದೆ ಅನ್ನುತ್ತಾರೆ. ಈಗಿನ ಎಲ್ಲ ಕಾರಿನಲ್ಲೂ ಮೊದಲ ಸ್ಪರ್ಶಕ್ಕೆ ಚಿಕ್ಕ ಕಿಡಿ ಬಂದೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಚಹಾ ಕುಡಿದು ಬನ್ನಿ. ಅಂಕಿ ಮೆಟ್ಟಿಲು ಇಳಿದಂತೆ ಇಳಿಯುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. 0.03, 0.04 ಆಂಪ್ (ಅಂದರೆ 30, 40 ಮಿಲಿ ಆಂಪ್) ಎಂದು ನಿಂತರೆ ನಿಮ್ಮ ಕಾರಿಗೆ ಸೋರಿಕೆ ಇಲ್ಲ. 0.1 ದಾಟಿ ನಿಂತರೆ ಹುಡುಕಬೇಕು. ಆಗಾಗ ಏರಿ ಇಳಿಯುತ್ತಿದ್ದರೆ ಯಾವುದೋ ಮಾಡ್ಯೂಲು ನಿದ್ದೆಯಿಂದ ಏಳುತ್ತಿದೆ. ಮೊಬೈಲನ್ನು ಮೀಟರಿನ ಎದುರಿಗಿಟ್ಟು ಒಂದು ಗಂಟೆ ವಿಡಿಯೋ ಮಾಡಿಕೊಂಡರೆ ಎಷ್ಟೆಷ್ಟು ಹೊತ್ತಿಗೊಮ್ಮೆ ಏಳುತ್ತದೆ ಅನ್ನುವುದು ಸಿಗುತ್ತದೆ.

ಫ್ಯೂಸ್ ಕೀಳದೆ ಫ್ಯೂಸ್ ನೋಡುವುದು

ಎಲ್ಲರೂ ಹೇಳುವ ಉಪಾಯ, ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ಇಳಿಯಿತೇ ನೋಡುವುದು. ಕೆಲಸ ಮಾಡುತ್ತದೆ, ಆದರೆ ಕಿತ್ತ ಫ್ಯೂಸನ್ನು ಮರಳಿ ಹಾಕಿದ ಕೂಡಲೇ ಆ ಮಾಡ್ಯೂಲು ಎದ್ದುಬಿಡುತ್ತದೆ. ಹಾಗೆ ಮಾಡುವುದಾದರೆ ಕಿತ್ತದ್ದನ್ನು ಕೊನೆಯವರೆಗೂ ಹಾಕಬೇಡಿ, ಡಬ್ಬಿಯ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ.

ನನಗೆ ಇದಕ್ಕಿಂತ ಮೆಚ್ಚಿಗೆಯಾದದ್ದು ಇನ್ನೊಂದು ದಾರಿ. ಬ್ಲೇಡ್ ಫ್ಯೂಸಿನ ಬೆನ್ನ ಮೇಲೆ, ಪ್ಲಾಸ್ಟಿಕ್ಕಿನಲ್ಲಿ ಎರಡು ಚಿಕ್ಕ ಕಿಂಡಿಗಳಿರುತ್ತವೆ, ಒಳಗೆ ಲೋಹ ಮಿನುಗುತ್ತದೆ. ಕರೆಂಟು ಹರಿಯುತ್ತಿರುವ ಫ್ಯೂಸಿನ ಈ ಎರಡು ಬಿಂದುಗಳ ನಡುವೆ ತುಸು ವೋಲ್ಟೇಜ್ ಇರಲೇಬೇಕು. ಇನ್ನೊಂದು ಮೀಟರನ್ನು ಡಿಸಿ ಮಿಲಿ ವೋಲ್ಟಿಗೆ ಇಟ್ಟು ಎರಡೂ ಕಿಂಡಿಗೆ ಪಿನ್ನು ಮುಟ್ಟಿಸಿ. 0.0 ಬಂದರೆ ಮುಂದಕ್ಕೆ ಹೋಗಿ. ಏನಾದರೂ ಅಂಕಿ ಬಂದರೆ ಅಲ್ಲಿ ಕರೆಂಟು ಓಡುತ್ತಿದೆ. 10 ಆಂಪ್ ಫ್ಯೂಸಿನಲ್ಲಿ 1 ಮಿಲಿ ವೋಲ್ಟ್ ಅಂದರೆ ಸುಮಾರು 130 ಮಿಲಿ ಆಂಪ್, 15 ಆಂಪ್ ಫ್ಯೂಸಿನಲ್ಲಿ ಸುಮಾರು 200. ಫ್ಯೂಸಿನ ನಂಬರ್ ದೊಡ್ಡದಾದಷ್ಟೂ ಅದೇ ವೋಲ್ಟೇಜಿಗೆ ಕರೆಂಟು ಜಾಸ್ತಿ. ಒಂದೂ ಫ್ಯೂಸ್ ಕೀಳದೆ, ಯಾರ ನಿದ್ದೆಯನ್ನೂ ಕೆಡಿಸದೆ ಬಾನೆಟ್ ಕೆಳಗಿನ, ಕಾರಿನೊಳಗಿನ ಎರಡೂ ಡಬ್ಬಿಗಳನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು. ಒಂದೇ ಮೀಟರ್ ಇದ್ದವರು ಬ್ಯಾಟರಿ ಟರ್ಮಿನಲ್ ಜೋಡಿಸಿಯೇ ಇಟ್ಟು ಬರೀ ಇದನ್ನೇ ಮಾಡಿದರೂ ನಡೆಯುತ್ತದೆ. ಆದರೆ ಕೆಂಪು ವೈರನ್ನು 10 ಆಂಪ್ ತೂತಿನಿಂದ ತೆಗೆದು ವೋಲ್ಟಿನ ತೂತಿಗೆ ಹಾಕಿದ್ದೀರಾ ನೋಡಿ; ಅದು ಅಲ್ಲೇ ಉಳಿದಿರುವಾಗ ಬ್ಯಾಟರಿಯ ಪ್ಲಸ್ ಮೈನಸ್ ಮುಟ್ಟಿಸಿದರೆ ನೇರ ಶಾರ್ಟ್.

ನವನಗರದ ನಮ್ಮ ಓಣಿಯ ಒಂದು ಹ್ಯಾಚ್‌ಬ್ಯಾಕಿನಲ್ಲಿ ಮೀಟರು 0.41ರಲ್ಲಿ ನಿಂತುಬಿಟ್ಟಿತ್ತು. ಮಗ ಪುಣೆಯಲ್ಲಿ, ಅಪ್ಪ ವಾರಕ್ಕೊಮ್ಮೆ ಓಡಿಸುವ ಗಾಡಿ. ಎರಡು ಬ್ಯಾಟರಿ ಆಗಲೇ ಬದಲಾಗಿತ್ತು. ಫ್ಯೂಸುಗಳೆಲ್ಲ ಸೊನ್ನೆ, ಸ್ಟೀರಿಯೋದ 15 ಆಂಪ್ ಫ್ಯೂಸ್ ಮಾತ್ರ 1.9 ಮಿಲಿ ವೋಲ್ಟ್. ಡ್ಯಾಶ್ ಬಿಚ್ಚಿ ಆಂಡ್ರಾಯ್ಡ್ ಸ್ಟೀರಿಯೋ ಹೊರಗೆಳೆದರೆ ಹಿಂದೆ ಹಳದಿ ಮತ್ತು ಕೆಂಪು ವೈರುಗಳನ್ನು ಒಟ್ಟಿಗೆ ಹೊಸೆದು ಕಪ್ಪು ಟೇಪು ಸುತ್ತಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ ಬೆರಳಿಗೆ ಬೆಲ್ಲದ ಪಾಕದಂತೆ ಹತ್ತಿತು.

ಸ್ಟೀರಿಯೋಗಳಲ್ಲಿ ಹಳದಿ ವೈರು ಯಾವಾಗಲೂ ಬ್ಯಾಟರಿ ಕರೆಂಟು ಪಡೆಯಬೇಕು, ಗಡಿಯಾರ ಮತ್ತು ಸೆಟ್ಟಿಂಗು ಉಳಿಯಲು. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ ಹೋಗಬೇಕು, ‘ಈಗ ಎದ್ದೇಳು’ ಎಂದು ಹೇಳಲು. ಆ ಕಡೆಯ ವೈರು ಹುಡುಕುವ ಬೇಸರಕ್ಕೆ ಎರಡನ್ನೂ ಸೇರಿಸಿಬಿಟ್ಟರೆ ಪರದೆ ಕಪ್ಪಾಗಿದ್ದರೂ ಸ್ಟೀರಿಯೋ ಒಳಗೆ ಮಲಗುವುದೇ ಇಲ್ಲ. ಕೆಂಪು ವೈರನ್ನು ಸರಿಯಾದ ಕಡೆ ಜೋಡಿಸಿದ ಮೇಲೆ ಮೀಟರು 0.02ಕ್ಕೆ ಇಳಿಯಿತು.

ಇನ್ನಾರು ಸಂಶಯಿತರು?

ಕಂಪನಿಯಿಂದ ಬಂದ ವೈರಿಂಗಿಗಿಂತ ಆಮೇಲೆ ಹಾಕಿಸಿದ್ದರ ಮೇಲೆಯೇ ನನಗೆ ಮೊದಲ ಗುಮಾನಿ: ಜಿಪಿಎಸ್ ಟ್ರ್ಯಾಕರ್, ಪಾರ್ಕಿಂಗ್ ಮೋಡಿನಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮರೆತ ಬ್ಲೂಟೂತ್ ಸ್ಕ್ಯಾನರ್, ಹೊರಗಿನ ಸೆಂಟ್ರಲ್ ಲಾಕ್, ಆಂಪ್ಲಿಫೈಯರ್. ಇವುಗಳಲ್ಲಿ ಹಲವನ್ನು ನೇರ ಬ್ಯಾಟರಿಗೇ ಕಟ್ಟಿರುತ್ತಾರೆ, ಯಾವ ಫ್ಯೂಸ್ ಡಬ್ಬಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಫ್ಯೂಸುಗಳೆಲ್ಲ ಸೊನ್ನೆ ತೋರಿಸಿ ಮುಖ್ಯ ಮೀಟರ್ ಮಾತ್ರ ಇಳಿಯದಿದ್ದರೆ ಪ್ಲಸ್ ಟರ್ಮಿನಲ್ಲಿಗೆ ಅಂಟಿದ ಸಣ್ಣ ವೈರುಗಳನ್ನು ಬೆನ್ನುಹತ್ತಿ.

ಅಲ್ಲೂ ಇಲ್ಲದಿದ್ದರೆ ಆಲ್ಟರ್ನೇಟರ್. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಅದರೊಳಗಿನ ಡಯೋಡ್ ಕೆಟ್ಟರೆ ಕರೆಂಟು ಹಿಮ್ಮುಖವಾಗಿ ಹರಿಯುತ್ತದೆ, ಚಾರ್ಜಿಂಗ್ ಮಾತ್ರ ಚೆನ್ನಾಗಿಯೇ ಇದ್ದಂತೆ ಕಾಣಬಹುದು. ಬ್ಯಾಟರಿಯ ಮೈನಸ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ಕೇಬಲ್ ತೆಗೆದು ಅದರ ತುದಿಗೆ ಟೇಪು ಸುತ್ತಿ ಮತ್ತೆ ಅಳೆಯಿರಿ. ಸೋರಿಕೆ ನಿಂತಿದ್ದರೆ ಅದೇ.

ಡಿಕ್ಕಿಯ ದೀಪ ಮುಚ್ಚಿದ ಮೇಲೆ ಆರುತ್ತದೋ ಇಲ್ಲವೋ ನೋಡಲು ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಮುಚ್ಚಿ. ಗ್ಲೋವ್ ಬಾಕ್ಸಿಗೂ ಇದೇ ಉಪಾಯ. ರಿಲೇ ಅಂಟಿಕೊಂಡಿದ್ದರೆ ಮಲಗಿದ ಕಾರಿನಲ್ಲೂ ಅದೊಂದೇ ಬೆಚ್ಚಗಿರುತ್ತದೆ. ಪಕ್ಕದ ಅದೇ ನಂಬರಿನ ರಿಲೇ ಜೊತೆ ಅದಲುಬದಲು ಮಾಡಿದರೆ ಗೊತ್ತಾಗುತ್ತದೆ. ಡೀಸೆಲ್ ಕಾರಿನಲ್ಲಿ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡಲು ಇಂಜಿನ್ ಒಳಗೆ ಬಿಸಿ ಮಾಡುವ ಭಾಗ) ರಿಲೇ ಅಂಟಿದರೆ ಸೋರುವುದು ಮಿಲಿ ಆಂಪ್‌ಗಳಲ್ಲಲ್ಲ, ಹತ್ತಾರು ಆಂಪ್, ಬ್ಯಾಟರಿ ಒಂದೆರಡು ಗಂಟೆಯಲ್ಲೇ ಮಲಗುತ್ತದೆ. ಅಷ್ಟು ಬೇಗ ಕೂರುವ ಡೀಸೆಲ್ ಗಾಡಿಗೆ 10 ಆಂಪ್ ಮೀಟರ್ ಹಾಕಲೇಬೇಡಿ. ಖಾಲಿ ಸೈಟುಗಳ ಪಕ್ಕ ಕಾರು ನಿಲ್ಲಿಸುವವರು ಮಳೆಗಾಲದಲ್ಲಿ ಬಾನೆಟ್ ತೆರೆದು ಇಲಿ ಕಡಿದ ವೈರು ಇದೆಯೇ ನೋಡಿ.

ಸಿಕ್ಕಿತು, ಆದರೆ ರಿಪೇರಿ ನಿಮ್ಮ ಕೈಯಲ್ಲಿ ಆಗದು ಅನ್ನಿಸಿದರೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ‘ಬ್ಯಾಟರಿ ಕುಂದ್ರತೈತಿ’ ಎನ್ನಬೇಡಿ. ಫ್ಯೂಸಿನ ನಂಬರ್, ಅದನ್ನು ಕಿತ್ತಾಗ ಇಳಿದ ಅಂಕಿ, ಕಾರು ಮಲಗಲು ಹಿಡಿದ ಹೊತ್ತು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಡಿ. ವಾರಂಟಿಯಲ್ಲಿರುವ ಕಾರಿನ ಮೂಲ ವೈರು ಮಾತ್ರ ಯಾರಿಂದಲೂ ಕತ್ತರಿಸಿಸಬೇಡಿ.

ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಅನ್ನುವವರಿಗೆ ಮೈನಸ್ ಬಿಚ್ಚಿಟ್ಟು ಹೋಗುವುದೇ ಸುಲಭ. ಡಿಕ್ಕಿ ಬಟನ್ನಿನಿಂದ ಮಾತ್ರ ತೆರೆಯುವ ಕಾರಾದರೆ ಅದರೊಳಗೆ ಏನೂ ಬಿಡಬೇಡಿ. ವಾರಕ್ಕೊಮ್ಮೆ ಪಕ್ಕದ ಮನೆಯವರಿಂದ ಐದು ನಿಮಿಷ ಸ್ಟಾರ್ಟ್ ಮಾಡಿಸಿ ನಿಲ್ಲಿಸುವುದು ಬೇಡ, ಸೆಲ್ಫ್ ತಿಂದಷ್ಟು ಚಾರ್ಜು ಮರಳಿ ಬಾರದೆ ಇದ್ದದ್ದೂ ಹೋಗಬಹುದು.

ಟರ್ಮಿನಲ್ ಮರಳಿ ಜೋಡಿಸಿದ ಮೇಲೆ ಗಡಿಯಾರ ಸರಿಪಡಿಸಿ. ಒಂದೇ ಒತ್ತಿಗೆ ಏರುತ್ತಿದ್ದ ಕಿಟಕಿ ಏರದಿದ್ದರೆ ಗ್ಲಾಸನ್ನು ಪೂರ್ತಿ ಮೇಲಕ್ಕೆ ಒಯ್ದು ಬಟನ್ನನ್ನು ಕೆಲವು ಸೆಕೆಂಡು ಹಿಡಿದಿಡಿ, ಬಹಳಷ್ಟು ಕಾರುಗಳಲ್ಲಿ ಅದು ಮತ್ತೆ ಕಲಿತುಕೊಳ್ಳುತ್ತದೆ. ಆ ರಾತ್ರಿ ಕಾರು ನಿಲ್ಲಿಸಿ ಒಂದು ಗಂಟೆಯ ನಂತರ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ಬ್ಯಾಟರಿಯ ವೋಲ್ಟ್ ಬರೆದಿಟ್ಟುಕೊಳ್ಳಿ. 12.6 ಇದ್ದದ್ದು 12.5ರಲ್ಲಿ ನಿಂತಿದ್ದರೆ ಸರಿ, 12.3ಕ್ಕೆ ಬಂದಿದ್ದರೆ ಇನ್ನೊಂದು ಕಡೆಯೂ ಸೋರುತ್ತಿದೆ, ಮತ್ತೆ ಫ್ಯೂಸ್ ಡಬ್ಬಿ ತೆರೆಯಿರಿ.